ಬೆರಳು ನೋವಿದ್ದರೆ .22 ಪಿಸ್ತೂಲು ಬೇಡ, ಮೆತ್ತನೆ ಸ್ಲೈಡಿನ .380 ನೋಡಿ

ಬೆರಳ ಸಂದು ನೋವಿದೆ, ಪಿಸ್ತೂಲಿನ ಸ್ಲೈಡ್ (ಗುಂಡು ತುಂಬೋಕೆ ಹಿಂದಕ್ಕೆ ಎಳೆಯುವ ಮೇಲಿನ ಭಾಗ) ಎಳೆಯೋಕೆ ಕಷ್ಟ, ಟೆಕ್ಸಸ್‌ನಲ್ಲಿ ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡೋಕೆ ಸಣ್ಣ ಗುಂಡಿನ .22 ಸಾಕಾ, ಅದಕ್ಕಿಂತ ದೊಡ್ಡ ಗುಂಡಿನ .380 ಬೇಕಾ ಅಂತ ಕೇಳಿದ್ದೀರಿ.

.380 ತಗೊಳ್ಳಿ. .22 ತೋಟಾದಲ್ಲಿ ಸಿಡಿಮದ್ದು ತಳದ ಅಂಚಿನೊಳಗೆ ಸುತ್ತಲೂ ತೆಳ್ಳಗೆ ಹರಡಿರುತ್ತೆ. ಪಿನ್ ಬಡಿದ ಜಾಗದಲ್ಲಿ ಅದು ಇಲ್ಲದಿದ್ದರೆ ಬರೀ 'ಟಿಕ್', ಗುಂಡು ಹಾರಲ್ಲ. ತಳದ ನಡುವೆ ಪ್ರೈಮರ್ (ಸಿಡಿಮದ್ದು ತುಂಬಿದ ಪುಟ್ಟ ಬಟ್ಟಲು) ಇರುವ .380ರಲ್ಲಿ ಇದು ಅಪರೂಪ.

ಹಾಗಂತ ರೂಗರ್ ಎಲ್‌ಸಿಪಿ ಅನ್ನೋ ಪುಟ್ಟ .380 ಪಿಸ್ತೂಲಿಗೆ ಹೋಗಬೇಡಿ. ಸುಮಾರು 270 ಗ್ರಾಂ, ಜೇಬಲ್ಲಿ ಗೊತ್ತೇ ಆಗಲ್ಲ, ನಿಜ. ಆದರೆ ಹಗುರವಾದಷ್ಟೂ ಒದೆತ ಜಾಸ್ತಿ, ಕಿರುಬೆರಳಿಗೆ ಹಿಡಿಯೋಕೆ ಜಾಗವೂ ಇಲ್ಲ. ಮಣಿಕಟ್ಟು ಸಡಿಲವಾದರೆ ಹಾರಿದ ತೋಟಾದ ಖಾಲಿ ಕೇಸು ಹೊರಬೀಳದೆ ಸಿಕ್ಕಿಕೊಳ್ಳುತ್ತೆ. ನಿಮ್ಮ ಕೈಗೆ ಸ್ಮಿತ್ ಆಂಡ್ ವೆಸನ್ ಕಂಪನಿಯ .380 ಶೀಲ್ಡ್ ಈಜೀ ಸರಿ: ಅರ್ಧ ಕೆಜಿ ಮೇಲಿದೆ, ಮ್ಯಾಗಜಿನ್‌ಗೆ 8 ಗುಂಡು, ಸ್ಲೈಡ್ ಮೆತ್ತಗೆ. ಜೇಬಿಗೆ ದೊಡ್ಡದು, ಸೊಂಟಕ್ಕೇ ಕಟ್ಟಬೇಕು. ಹಿಡಿಕೆ ಹಿಂದಿನ ಸೇಫ್ಟಿ ಪೂರ್ತಿ ಅದುಮದಿದ್ದರೆ ಹಾರಲ್ಲ, ಆ ಹಿಡಿತ ರೂಢಿಯಾಗಲಿ.

ಅಂಗಡಿಯಲ್ಲಿ ಖಾಲಿ ಪಿಸ್ತೂಲಿನ ಸ್ಲೈಡನ್ನು ಹತ್ತು ಸಲ ಎಳೆಯಿರಿ. ಹತ್ತನೆಯದಕ್ಕೂ ಬೆರಳು ಸೋಲಬಾರದು. ಹೋಲ್ಸ್ಟರ್ (ಪಿಸ್ತೂಲು ಇಡುವ ಒರೆ) ಟ್ರಿಗರನ್ನು ಪೂರ್ತಿ ಮುಚ್ಚಲೇಬೇಕು.

ಎಚ್‌1ಬಿಯಂಥ ವೀಸಾದಲ್ಲಿದ್ದರೆ ಮೊದಲು ವಕೀಲರನ್ನು ಕೇಳಿ: ಬೇಟೆ ಲೈಸೆನ್ಸಿನಂಥ ಕೆಲವೇ ವಿನಾಯಿತಿ ಬಿಟ್ಟರೆ ಫೆಡರಲ್ ಕಾನೂನು ಬಂದೂಕು ಇಟ್ಟುಕೊಳ್ಳೋಕೆ ಬಿಡಲ್ಲ.