ತಾಳದ ಬೆನ್ನ ಹಿಂದೆ ಬರುವ ದನಿ

ಪ್ರಶ್ನೆ: ಮಗನು ಅಮೆರಿಕದ ಹಾಡುಗಾರ ವಿಲ್ಲಿ ನೆಲ್ಸನ್ ಅವರ ‘ವಿಲ್ಲಿ ಅಂಡ್ ಫ್ಯಾಮಿಲಿ ಲೈವ್’ ಎಂಬ ಕಂಟ್ರಿ ಸಂಗೀತದ (ಅಲ್ಲಿನ ಹಳ್ಳಿಗಾಡಿನ ಧಾಟಿಯ ಹಾಡುಗಳ) ಆಲ್ಬಮ್ಮನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟಿದ್ದಾನೆ. ಹಾಡುಗಾರರು ತಾಳ ತಪ್ಪುತ್ತಾರೆ ಎನಿಸುತ್ತದೆ. ಒಂದು ಹಾಡು ಮುಗಿಯುತ್ತಲೇ ಬಿಡುವಿಲ್ಲದೆ ಇನ್ನೊಂದು ಶುರುವಾಗುತ್ತದೆ. ಜನರ ಗದ್ದಲ ಬೇರೆ. ಇದನ್ನು ಸವಿಯುವುದು ಹೇಗೆ?
— ಓದುಗರೊಬ್ಬರು, ಸಾಗರ

ಉತ್ತರ: ಅವರು ತಾಳ ತಪ್ಪುತ್ತಿಲ್ಲ, ಬೇಕೆಂದೇ ಹಿಂದೆ ಉಳಿಯುತ್ತಿದ್ದಾರೆ. ಯಕ್ಷಗಾನದ ಹಿಮ್ಮೇಳ ಸಾಗರದವರಾದ ನಿಮಗೆ ಹೊಸದಲ್ಲ. ಭಾಗವತರು ಪದದ ಒಂದಕ್ಷರವನ್ನು ಎಳೆದು, ಮದ್ದಳೆಯ ಪೆಟ್ಟನ್ನು ಮುಂದೆ ಹೋಗಗೊಟ್ಟು, ಆಮೇಲೆ ತಾವು ಬಂದು ಸೇರಿಕೊಳ್ಳುವಾಗ ನಮಗೆ ಒಳಗೊಳಗೇ ಒಂದು ಹಿಗ್ಗು ಆಗುತ್ತದಲ್ಲ, ನೆಲ್ಸನ್ ಕೊಡುವ ಸುಖವೂ ಹೆಚ್ಚುಕಡಿಮೆ ಅದೇ. ಮೊದಲ ಸಲ ಡ್ರಮ್ಮನ್ನಷ್ಟೇ ಹಿಡಿದು ಕೇಳಿ. ಎರಡನೆಯ ಸಲ, ಅದೇ ಪೆಟ್ಟನ್ನು ಬೆರಳಲ್ಲಿ ಎಣಿಸುತ್ತ, ದನಿ ಎಲ್ಲಿ ಬಂದು ಕೂಡುತ್ತದೆಂದು ಗಮನಿಸಿ.

ಇದು 1978ರ ಏಪ್ರಿಲ್‌ನಲ್ಲಿ ಅಮೆರಿಕದ ನೆವಾಡಾ ರಾಜ್ಯದ ಲೇಕ್ ಟಾಹೊದಲ್ಲಿ ಧ್ವನಿಮುದ್ರಣಗೊಂಡ ಸಂಗೀತ ಕಛೇರಿ. ಆಗ ಅವರಿಗೆ 45ರ ಆಸುಪಾಸು. ಹೆಸರಿನಲ್ಲಿರುವ ‘ಫ್ಯಾಮಿಲಿ’ ಬರಿಯ ಅಲಂಕಾರವಲ್ಲ: ಪಿಯಾನೋ ನುಡಿಸಿದ ಬಾಬಿ, ನೆಲ್ಸನ್ ಅವರ ಸ್ವಂತ ಅಕ್ಕ; ಹಾರ್ಮೋನಿಕಾದ ಮಿಕಿ ರಾಫೆಲ್ ಮೊದಲಾದವರು ವರ್ಷಗಟ್ಟಲೆ ಅವರ ಜೊತೆಗೆ ಊರೂರು ಸುತ್ತಿದವರು. ದನಿ ಎಷ್ಟು ತಡೆದರೂ ಇವರು ಗಾಬರಿಯಾಗುವುದಿಲ್ಲ.

ಒಂದಕ್ಕೊಂದು ಅಂಟಿಕೊಂಡು ಬರುವ ಹಾಡುಗಳಲ್ಲಿ ‘ಕ್ರೇಜಿ’ ಮತ್ತು ‘ನೈಟ್ ಲೈಫ್’ ಅವರದೇ ಹಳೆಯ ರಚನೆಗಳು. ಮೊದಲನೆಯದನ್ನು 1961ರಲ್ಲಿ ಹಾಡಿ ಹೆಸರಾದವರು ಗಾಯಕಿ ಪ್ಯಾಟ್ಸಿ ಕ್ಲೈನ್. ಎರಡನೆಯದರ ಹಕ್ಕನ್ನು ನೆಲ್ಸನ್ ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ 150 ಡಾಲರಿಗೆ ಮಾರಿಬಿಟ್ಟಿದ್ದರು. ಬೇರೆಯವರ ಪಾಲಾಗಿದ್ದ ಹಾಡುಗಳನ್ನು ಬರೆದವರೇ, ಉಸಿರಿಗೂ ನಿಲ್ಲದವರಂತೆ, ಜನರೆದುರು ಹಾಡುವುದನ್ನು ಕೇಳುವಾಗ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ. ಅಲ್ಲಿ ಏಳುವ ಚಪ್ಪಾಳೆಯನ್ನು ಗದ್ದಲವೆಂದು ತಳ್ಳಿಹಾಕಬೇಡಿ. ಆ ಜನ ಹಾಡಿನ ಗುರುತು ಹಿಡಿದ ಗಳಿಗೆ ಅದು.

ಗಿಟಾರಿನ ಬಗ್ಗೆ ನೀವು ಕೇಳಿಲ್ಲವಾದರೂ ಹೇಳದಿರಲಾರೆ. ಕಂಟ್ರಿ ಹಾಡುಗಾರರು ಸಾಮಾನ್ಯವಾಗಿ ಉಕ್ಕಿನ ತಂತಿಯ ಗಿಟಾರ್ ಹಿಡಿಯುತ್ತಾರೆ. ನೆಲ್ಸನ್ ಅವರ ‘ಟ್ರಿಗರ್’ ಎಂಬ ಹೆಸರಿನ ಗಿಟಾರ್ ನೈಲಾನ್ ತಂತಿಯದು. 1969ರಿಂದ ಅದನ್ನೇ ನುಡಿಸಿ ನುಡಿಸಿ, ತಂತಿ ಮೀಟುವ ಬಿಲ್ಲೆಯ (ಪಿಕ್) ಸವೆತಕ್ಕೆ ಅದರ ಮುಂಭಾಗದ ಹಲಗೆಯಲ್ಲಿ ತೂತೇ ಬಿದ್ದಿದೆ. ಆ ಮೆತ್ತನೆಯ, ತುಸು ಒರಟಾದ ನಾದ ಮೊಬೈಲಿನ ಸ್ಪೀಕರಿನಲ್ಲಿ ಸಿಗುವುದಿಲ್ಲ, ಅದರಲ್ಲೂ ನಮ್ಮ ಆಷಾಢದ ಮಳೆ ಹೆಂಚಿನ ಮೇಲೆ ಸುರಿಯುತ್ತಿರುವಾಗ. ಇಯರ್‌ಫೋನ್ ಹಾಕಿಕೊಂಡು, ಕೊನೆಯ ಕಡೆಗೆ ಬರುವ ‘ಜಾರ್ಜಿಯಾ ಆನ್ ಮೈ ಮೈಂಡ್’ನಿಂದ ಶುರುಮಾಡಿ.