ಇಂಗ್ಲೆಂಡಿನ ರಗ್ಬಿ ಕ್ಲಬ್ ಲೀಡ್ಸ್ ರೈನೋಸ್‌ಗೆ ವೀಲ್‌ಚೇರ್ ತಂಡ ಇದೆಯಂತೆ. ಅದರ ಇತಿಹಾಸವೇನು? ಪ್ಯಾರಾಲಿಂಪಿಕ್ಸ್‌ನ ರಗ್ಬಿಯೇ ಅದು? ಕೈಕಾಲು ನೆಟ್ಟಗಿರುವವರೂ ಅದರಲ್ಲಿ ಆಡುವುದು ಹೇಗೆ?

ಮೊದಲು ಎರಡನೇ ಪ್ರಶ್ನೆ. ಅಲ್ಲ, ಅದು ಬೇರೆ ಆಟ, ಇದು ಬೇರೆ ಆಟ.

ಪ್ಯಾರಾಲಿಂಪಿಕ್ಸ್‌ನಲ್ಲಿ ಕಾಣುವ ವೀಲ್‌ಚೇರ್ ರಗ್ಬಿ ಹುಟ್ಟಿದ್ದು 1970ರ ದಶಕದಲ್ಲಿ, ಕೆನಡಾದ ವಿನಿಪೆಗ್‌ನಲ್ಲಿ. ಕಾಲಿನ ಜೊತೆ ಕೈಯಲ್ಲೂ ಬಲ ಕಡಿಮೆ ಇರುವವರಿಗಾಗಿ ಕಟ್ಟಿದ ಆಟ ಅದು. ಅಂಕಣ ಬ್ಯಾಸ್ಕೆಟ್‌ಬಾಲ್‌ನದು, ಚೆಂಡು ವಾಲಿಬಾಲ್‌ನಂಥದ್ದು, ತಂಡಕ್ಕೆ ನಾಲ್ಕೇ ಜನ. ಪ್ರತಿ ಆಟಗಾರನ ದೇಹಶಕ್ತಿಗೆ 0.5ರಿಂದ 3.5ರವರೆಗೆ ಅಂಕ ಕೊಡುತ್ತಾರೆ. ಅಂಕಣದಲ್ಲಿರುವ ನಾಲ್ವರ ಮೊತ್ತ ಸಾಮಾನ್ಯವಾಗಿ 8 ದಾಟುವಂತಿಲ್ಲ. ಚೆಂಡನ್ನು ಮುಂದಕ್ಕೂ ಎಸೆಯಬಹುದು. ಪದಕದ ಆಟವಾದದ್ದು 2000ದ ಸಿಡ್ನಿಯಲ್ಲಿ. ರಗ್ಬಿಯ ನಿಯಮಗಳಿಗಿಂತ ಅದರ ಹೆಸರನ್ನೇ ಹೆಚ್ಚು ಉಳಿಸಿಕೊಂಡ ಆಟ ಅನ್ನಬಹುದು.

ಲೀಡ್ಸ್‌ನವರು ಆಡುವುದು ವೀಲ್‌ಚೇರ್ ರಗ್ಬಿ ಲೀಗ್. ಇಲ್ಲಿ ‘ಲೀಗ್’ ಅಂದರೆ ಪಂದ್ಯಾವಳಿ ಅಲ್ಲ, ಆಟದ ಪಂಥ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಆಟವನ್ನು ಆಳುತ್ತಿದ್ದ ರಗ್ಬಿ ಯೂನಿಯನ್‌ನಿಂದ ಹೊರಬಿದ್ದವು, ಅವರ ಆಟವೇ ಮುಂದೆ ರಗ್ಬಿ ಲೀಗ್ ಆಯಿತು. ಗಿರಣಿ, ಗಣಿ ಕೆಲಸಗಾರರು ಪಂದ್ಯಕ್ಕೆ ಬಂದರೆ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಅದನ್ನು ತುಂಬಿಕೊಡಲು ಲಂಡನ್ನಿನ ದೊರೆಗಳು ಒಪ್ಪಲಿಲ್ಲ. ಹಾಗೆ ಹೊರಬಂದವರಲ್ಲಿ ಲೀಡ್ಸ್ ಕೂಡ ಒಂದು. ಕ್ಲಬ್ಬಿನ ಮನೆ ಹೆಡಿಂಗ್ಲಿ. ಹೌದು, 2002ರಲ್ಲಿ ದ್ರಾವಿಡ್ 148 ಹೊಡೆದ ಅದೇ ಹೆಡಿಂಗ್ಲಿ. ಕ್ರಿಕೆಟ್ ಮೈದಾನ, ರಗ್ಬಿ ಮೈದಾನ ಅಲ್ಲಿ ಬೆನ್ನಿಗೆ ಬೆನ್ನು ಹಚ್ಚಿಕೊಂಡಿವೆ. ವೀಲ್‌ಚೇರ್ ತಂಡ ಮಾತ್ರ ಹುಲ್ಲಿನ ಮೇಲೆ ಆಡುವುದಿಲ್ಲ, ಅದಕ್ಕೆ ಒಳಾಂಗಣವೇ ಬೇಕು.

ಕುರ್ಚಿಯ ಮೇಲಿನ ಲೀಗ್ ಆಟ ರೂಪುಗೊಂಡದ್ದು ಫ್ರಾನ್ಸ್‌ನಲ್ಲಿ, 2004ರಲ್ಲಿ. ರೊಬೇರ್ ಫಸೊಲೆತ್ ಮತ್ತು ವಾಲಿ ಸಾಲ್ವಾನ್ ಅದನ್ನು ಕಟ್ಟಿದವರು. ಲೀಗ್‌ನ ನಿಯಮಗಳನ್ನು ಆದಷ್ಟೂ ಮುಟ್ಟಬಾರದು ಅನ್ನುವುದು ಈ ಆಟದ ಹಟ. ಚೆಂಡು ಕೋಳಿಮೊಟ್ಟೆ ಆಕಾರದ್ದೇ, ಪಾಸು ಹಿಂದಕ್ಕೇ, ಆರು ಟ್ಯಾಕಲ್ ಆದರೆ, ಅಂದರೆ ಚೆಂಡು ಹಿಡಿದವನನ್ನು ಆರು ಸಲ ತಡೆದರೆ, ಚೆಂಡು ಎದುರಾಳಿಗೆ. ಎದುರಾಳಿಯ ಗೋಲುಗೆರೆ ದಾಟಿ ಚೆಂಡು ಊರಿದರೆ ಅದು ಟ್ರೈ, ಅದಕ್ಕೆ 4 ಅಂಕ. ಅದರ ನಂತರದ ಗೋಲಿಗೆ 2, ಆಟ ನಡೆಯುತ್ತಿರುವಾಗಲೇ ಹೊಡೆಯುವ ಡ್ರಾಪ್ ಗೋಲಿಗೆ 1. ಆಟದ ಅವಧಿ 80 ನಿಮಿಷ. ಬದಲಾದದ್ದು ಮುಖ್ಯವಾಗಿ ಮೂರು: ತಂಡಕ್ಕೆ 13ರ ಬದಲು 5 ಜನ, ಒದೆಯುವ ಬದಲು ಮುಷ್ಟಿಯಿಂದ ಗುದ್ದುವುದು, ಮತ್ತು ಟ್ಯಾಕಲ್.

ಕಬಡ್ಡಿಯ ಹಾಗೆ ಹಿಡಿದು ಕೆಡಹುವಂತಿಲ್ಲ. ಆಟಗಾರರ ಎರಡೂ ತೋಳಿನ ಮೇಲ್ಭಾಗದಲ್ಲಿ ವೆಲ್ಕ್ರೋದಿಂದ ಅಂಟಿಸಿದ ಒಂದೊಂದು ಟ್ಯಾಗ್ ಇರುತ್ತದೆ. ಚೆಂಡು ಇರುವವನ ಟ್ಯಾಗ್ ಕಿತ್ತರೆ ಟ್ಯಾಕಲ್ ಆದಂತೆ. ಕೇಳಲು ಮಕ್ಕಳಾಟ. ಆದರೆ ಟ್ಯಾಗ್ ಕೀಳಲು ಒಂದು ಕೈ ಚಕ್ರ ಬಿಡಬೇಕು. ಬಿಟ್ಟ ಕ್ಷಣ ಕುರ್ಚಿ ಇನ್ನೊಂದು ಕೈ ಎಳೆದ ಕಡೆಗೆ ತಿರುಗಿಬಿಡುತ್ತದೆ. ಹಾಗಾಗಿ ಒಳ್ಳೆಯ ರಕ್ಷಕ ಮೊದಲು ತನ್ನ ಕುರ್ಚಿಯಿಂದ ಎದುರಾಳಿಯ ದಾರಿ ಮುಚ್ಚಿ, ಆಮೇಲೆ ಕೈ ಚಾಚುತ್ತಾನೆ. ಹೊಸಬರು ಮೊದಲೇ ಕೈ ಚಾಚಿ, ಪಕ್ಕದಲ್ಲೇ ಎದುರಾಳಿ ಜಾರಿಹೋಗುವುದನ್ನು ನೋಡುತ್ತಾ ಕೂರುತ್ತಾರೆ. ಕುರ್ಚಿಗೆ ಕುರ್ಚಿ ಗುದ್ದುವುದಂತೂ ನಡೆದೇ ಇರುತ್ತದೆ, ಉರುಳುವುದೂ ಅಷ್ಟೇ.

ಚೆಂಡು ಹಿಡಿದವನ ಕಷ್ಟ ಬೇರೆ. ಎರಡೂ ಕೈಯಿಂದ ಚಕ್ರ ತಳ್ಳಬೇಕಾದರೆ ಚೆಂಡು ತೊಡೆಯ ಮೇಲೆ. ಡಿಕ್ಕಿಯಾದರೆ ಅದು ಪುಟಿದು ಮುಂದಕ್ಕೆ ಬೀಳುತ್ತದೆ, ಚೆಂಡು ಕೈತಪ್ಪಿತು ಅಂತಲೇ ಲೆಕ್ಕ. ಪಾಸು ಹಿಂದಕ್ಕೇ ಹೋಗಬೇಕಲ್ಲ, ಬೆನ್ನುಹುರಿಗೆ ಪೆಟ್ಟಾದ ಹಲವರಿಗೆ ಸೊಂಟ ತಿರುಗಿಸಲು ಆಗದು. ಅವರು ಒಂದು ಚಕ್ರ ಅದುಮಿ ಹಿಡಿದು, ಕುರ್ಚಿಯನ್ನೇ ಓರೆ ಮಾಡಿ ಎಸೆಯುತ್ತಾರೆ.

ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಈ ಆಟದಲ್ಲಿ ಗಂಡು, ಹೆಣ್ಣು, ಅಂಗವಿಕಲತೆ ಇರುವವರು, ಇಲ್ಲದವರು ಎಲ್ಲರೂ ಒಟ್ಟಿಗೆ ಆಡಬಹುದು. ಆದರೆ ಒಂದು ತಂಡದಲ್ಲಿ ಅಂಗವಿಕಲತೆ ಇಲ್ಲದವರು ಒಂದು ಹೊತ್ತಿಗೆ ಇಬ್ಬರಿಗಿಂತ ಹೆಚ್ಚು ಅಂಕಣದಲ್ಲಿ ಇರುವಂತಿಲ್ಲ. ಸೊಂಟ ತಿರುಗಿಸಬಲ್ಲವನಿಗೆ ಪಾಸಿನಲ್ಲಿ ಅನುಕೂಲ ಇದ್ದೇ ಇದೆ, ಅದಕ್ಕೇ ಈ ಮಿತಿ. ಕಾಲು, ಸೊಂಟವನ್ನು ಕುರ್ಚಿಗೆ ಪಟ್ಟಿಯಿಂದ ಬಿಗಿಯುವುದರಿಂದ ಎದ್ದು ನಿಲ್ಲುವ ಪ್ರಶ್ನೆಯೂ ಇಲ್ಲ. ಇತ್ತ, ವರ್ಷಗಟ್ಟಲೆ ಕುರ್ಚಿಯಲ್ಲೇ ಓಡಾಡಿದವರ ಭುಜ ಮತ್ತು ತಿರುವಿನ ಚಳಕ ಹೊಸಬರಿಗೆ ಸುಲಭಕ್ಕೆ ದಕ್ಕುವಂಥದ್ದಲ್ಲ. ಈ ತೆರೆದ ಬಾಗಿಲಿನಿಂದಲೇ ಕ್ಲಬ್‌ಗಳು ಬೆಳೆದವು ಅನ್ನುವುದು ನನ್ನ ಅಭಿಪ್ರಾಯ: ಅಣ್ಣನಿಗೆ ಕಾಲಿಲ್ಲದಿದ್ದರೆ ತಮ್ಮನೂ ಜೊತೆಗೆ ಬಂದು ಆಡುತ್ತಾನೆ, ತರಬೇತಿಗೆ ಜನ ಸಾಲದೆ ನಿಲ್ಲುವ ಪ್ರಮೇಯ ಕಡಿಮೆ. ಆದರೆ ಪ್ಯಾರಾಲಿಂಪಿಕ್ಸ್ ಇರುವುದು ಅರ್ಹ ಅಂಗವಿಕಲತೆ ಇರುವವರಿಗೆ ಮಾತ್ರ. ಈಗಿನ ರೂಪದಲ್ಲಿ ಈ ಆಟಕ್ಕೆ ಅಲ್ಲಿ ಜಾಗವಿಲ್ಲ.

ಇನ್ನು ಲೀಡ್ಸ್. 2020ರ ಹಂಗಾಮನ್ನು ಕೋವಿಡ್ ನುಂಗಿತು. ಮರುವರ್ಷ ತಂಡ ಚಾಲೆಂಜ್ ಕಪ್ ಪಂದ್ಯಾವಳಿ ಮತ್ತು ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಗ್ರ್ಯಾಂಡ್ ಫೈನಲ್ ಎರಡನ್ನೂ ಗೆದ್ದಿತು. 2022ರಲ್ಲಿ ಚಾಲೆಂಜ್ ಕಪ್ ಉಳಿಸಿಕೊಂಡರೂ ಗ್ರ್ಯಾಂಡ್ ಫೈನಲ್‌ನಲ್ಲಿ ಹ್ಯಾಲಿಫ್ಯಾಕ್ಸ್ ಪ್ಯಾಂಥರ್ಸ್ ಎದುರು 52–48ಕ್ಕೆ ಸೋತಿತು. 2023ರ ಗ್ರ್ಯಾಂಡ್ ಫೈನಲ್‌ನಲ್ಲಿ ವಿಗನ್ ತಂಡ ಅಡ್ಡ ಬಂತು. ಈ ತಂಡಕ್ಕೆ ಆಡಿದ ಜೇಮ್ಸ್ ಸಿಂಪ್ಸನ್ 2009ರಲ್ಲಿ ಅಫ್ಘಾನಿಸ್ತಾನದ ಬಾಂಬ್ ಸ್ಫೋಟದಲ್ಲಿ ಎರಡೂ ಕಾಲು ಕಳೆದುಕೊಂಡ ಸೈನಿಕ.

ತಂಡದ ಹೆಸರು ಹೊರಗಿನವರಿಗೆ ಗೊತ್ತಾದದ್ದು ವಿಶ್ವಕಪ್‌ನಿಂದ. 2008ರ ಮೊದಲ ವಿಶ್ವಕಪ್ ಇಂಗ್ಲೆಂಡಿಗೆ. 2013, 2017 ಎರಡೂ ಫ್ರಾನ್ಸಿಗೆ, ಎರಡರ ಫೈನಲ್‌ನಲ್ಲೂ ಇಂಗ್ಲೆಂಡ್ ಸೋತದ್ದು ನಾಲ್ಕೇ ಅಂಕದಿಂದ. ಒಂದು ವರ್ಷ ತಡವಾಗಿ 2022ರ ನವೆಂಬರ್ 18ರಂದು ಮ್ಯಾಂಚೆಸ್ಟರ್‌ನಲ್ಲಿ ಮತ್ತೆ ಅವೇ ಎರಡು ತಂಡ ಎದುರಾದವು. 24–24 ಇದ್ದಾಗ, ಇನ್ನು ಕೆಲವೇ ನಿಮಿಷ ಉಳಿದಿರುವಾಗ, ನಾಯಕ ಟಾಮ್ ಹ್ಯಾಲಿವೆಲ್ ಟ್ರೈ ಗಳಿಸಿದರು. 28–24. ಆಗ ಆತ ಲೀಡ್ಸ್ ರೈನೋಸ್ ಆಟಗಾರ. ಪ್ರೇಕ್ಷಕರು 4,526. ಪುರುಷರ, ಮಹಿಳೆಯರ, ವೀಲ್‌ಚೇರ್ ಮೂರೂ ವಿಶ್ವಕಪ್‌ಗಳನ್ನು ಒಟ್ಟಿಗೆ ನಡೆಸಿದ್ದು ಆ ವರ್ಷವೇ ಮೊದಲು.

ದೊಡ್ಡ ಕ್ಲಬ್ಬಿನ ಹೆಸರಿನಡಿ ಇರುವುದರ ಲಾಭ ಜೆರ್ಸಿ, ಅಭಿಮಾನಿಗಳು ಅಷ್ಟೇ ಅಲ್ಲ. ಖರ್ಚಿನ ಮುಖ್ಯ ಬಾಬತ್ತು ಕುರ್ಚಿ. ಆಸ್ಪತ್ರೆಯ ಕುರ್ಚಿಯಲ್ಲಿ ಇದನ್ನು ಆಡಲಾಗದು. ಚಕ್ರದ ಬುಡ ಹೊರಕ್ಕೆ ವಾಲಿರಬೇಕು: ತಿರುವು ಚುರುಕಾಗುತ್ತದೆ, ಪಕ್ಕದಿಂದ ಗುದ್ದಿದರೆ ಬೆರಳಿಗೆ ಬದಲು ಬುಡಕ್ಕೆ ಪೆಟ್ಟು ಬೀಳುತ್ತದೆ. ಹಿಂದೆ ಮಗುಚದ ಹಾಗೆ ಪುಟ್ಟ ಚಕ್ರ, ಮುಂದೆ ಪಾದ ಕಾಯುವ ಕಂಬಿ. 100 ಪಿಎಸ್‌ಐ ಮೀರಿ ಗಾಳಿ ತುಂಬುವ ತೆಳು ಟೈರುಗಳು. ಗಾಳಿ ಸ್ವಲ್ಪ ಇಳಿದಿದ್ದರೂ ಡಿಕ್ಕಿಯಲ್ಲಿ ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಪಂಕ್ಚರ್. ಆದ್ದರಿಂದ ಗಾಳಿ ತುಂಬಿಟ್ಟ ಚಕ್ರಗಳು ಅಂಕಣದ ಬದಿಯಲ್ಲಿ ಸಿದ್ಧವಿರಬೇಕು. ಗುಂಡಿ ಒತ್ತಿದರೆ ಕಳಚುವ ಅಚ್ಚು ಇದ್ದರೆ ಚಕ್ರ ಬದಲಿಸುವುದು ಚಿಟಿಕೆ ಕೆಲಸ. ಕಡ್ಡಿ ಮುರಿಯುತ್ತವೆ, ಮುಂದಿನ ಪುಟ್ಟ ಚಕ್ರಗಳ ಬೇರಿಂಗ್‌ಗೆ ಕೂದಲು, ದಾರ ಸುತ್ತಿಕೊಳ್ಳುತ್ತವೆ. ವೆಲ್ಕ್ರೋದಲ್ಲಿ ಬಟ್ಟೆಯ ನೂಲು ತುಂಬಿದರೆ ಟ್ಯಾಗ್ ತಾನಾಗಿ ಉದುರುತ್ತದೆ. ಗಟ್ಟಿ ಬ್ರಷ್‌ನಿಂದ ತಿಕ್ಕಿ ತೆಗೆಯಬೇಕು. ಟೈರಿನ ಕಪ್ಪು ಗೆರೆ ಮರದ ನೆಲದ ಮೇಲೆ ಮೂಡಿದರೆ ಸಭಾಂಗಣದವರು ಮತ್ತೆ ಜಾಗ ಕೊಡಲು ಹಿಂದೆಮುಂದೆ ನೋಡುತ್ತಾರೆ. ಗೆರೆ ಬೀಳದ ಟೈರು ಕೊಳ್ಳುವುದೇ ಅಗ್ಗ.

ಪಂದ್ಯ ಎಲ್ಲಾದರೂ ನೋಡಲು ಸಿಕ್ಕರೆ ಮೊದಲ ಹತ್ತು ನಿಮಿಷ ಚೆಂಡಿನ ಹಿಂದೆ ಹೋಗಬೇಡಿ. ಚೆಂಡಿಲ್ಲದ ನಾಲ್ವರು ಕುರ್ಚಿಗಳನ್ನು ಯಾವ ಕಡೆಗೆ ಓರೆ ಮಾಡಿ ನಿಂತಿದ್ದಾರೆ ಅಂತ ನೋಡಿ, ಮುಂದಿನ ಪಾಸು ಎಲ್ಲಿಗೆ ಅಂತ ಮೊದಲೇ ಗೊತ್ತಾಗುತ್ತದೆ.