ಕ್ಯಾಮೆರಾ ಕಾಣದ್ದು, ಹಿರಿಯರು ಕಂಡದ್ದು

ವಿರಾಜಪೇಟೆಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಬಂದ, ಕಾಡುಪ್ರಾಣಿಗಳ ಕ್ಯಾಮೆರಾ ಸಮೀಕ್ಷೆಯ ಲೇಖನ ಓದಿ ನೀವು ಬರೆದಿದ್ದೀರಿ: "ತೋಟಕ್ಕೆ ತಾಗಿದ ದೇವರಕಾಡಿನಲ್ಲಿ ಹಾರುವ ಅಳಿಲು ಇದೆ ಎನ್ನುತ್ತಾರೆ ನಮ್ಮಲ್ಲಿ ದುಡಿಯುವ ಯರವ ಬುಡಕಟ್ಟಿನ ಹಿರಿಯರು. ನಿಮ್ಮ ಪಟ್ಟಿಯಲ್ಲಿ ಅದಿಲ್ಲ. ಯಾರನ್ನು ನಂಬಬೇಕು?"

ಈ ವಿಷಯದಲ್ಲಿ ಹಿರಿಯರನ್ನೇ ನಂಬಿ. ಇಂಥ ಸಮೀಕ್ಷೆಗಳಲ್ಲಿ ಕ್ಯಾಮೆರಾವನ್ನು ಮೊಣಕಾಲೆತ್ತರಕ್ಕೆ ಕಟ್ಟುತ್ತಾರೆ. ಕಾಡುದಾರಿ ಹಿಡಿದು ಬರುವ ಹುಲಿ, ಚಿರತೆ, ಕಾಟಿಗಳಿಗೆ ಅದು ಹೇಳಿ ಮಾಡಿಸಿದ ಎತ್ತರ. ರಾತ್ರಿ ಮರದಿಂದ ಮರಕ್ಕೆ ತೇಲುವ ಪ್ರಾಣಿ ಅದಕ್ಕೆ ಸಿಗುವುದೇ ಅಪರೂಪ.

ಆದರೆ "ಕಾಡಿನವರಿಗೆ ತಿಳಿಯದ್ದು ವಿಜ್ಞಾನಿಗೆ ಏನು ತಿಳಿದೀತು?" ಎಂಬ ನಿಮ್ಮ ಮುಂದಿನ ಮಾತನ್ನು ಒಪ್ಪಲಾರೆ. ನಿಮ್ಮ ತೋಟದಲ್ಲೇ ನೋಡಿ. ಕಾಫಿ ಹಣ್ಣಾಗುವ ಹೊತ್ತಿಗೆ ಬಂಡೆಯ ಮೇಲೆ, ಬಿದ್ದ ದಿಮ್ಮಿಯ ಮೇಲೆ ಪುನುಗು ಬೆಕ್ಕಿನ ಹಿಕ್ಕೆ ಸಿಗುತ್ತದೆ. ತಿರುಳು ಕರಗಿ, ಬೀಜಗಳು ಮಾತ್ರ ಇಡಿಯಾಗಿ ಉಂಡೆಗಟ್ಟಿರುತ್ತವೆ. ಅದು ಯಾವ ಬಂಡೆ, ಯಾವ ಸಾಲು ಎಂಬುದು ಹಣ್ಣು ಕೊಯ್ಯುವವರಿಗೆ ಕರಾರುವಾಕ್ಕಾಗಿ ಗೊತ್ತು. ಆದರೆ ಕೊಡಗಿನಲ್ಲಿ ಹಣ್ಣು ತಿನ್ನುವ ಈ ಬೆಕ್ಕುಗಳಲ್ಲಿ ಎರಡು ಜಾತಿಗಳಿವೆ. ಒಂದು, ಬೆನ್ನ ಮೇಲೆ ಗೆರೆ, ಚುಕ್ಕೆಗಳಿರುವ ಸಾಮಾನ್ಯ ಜಾತಿ. ಇನ್ನೊಂದು ಮೈಯೆಲ್ಲ ಕಂದು. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಹಿಕ್ಕೆ ಯಾವುದರದ್ದೆಂದು ಖಚಿತವಾಗಲು ಡಿಎನ್‌ಎ ಪರೀಕ್ಷೆಯೇ ಬೇಕು. ಟಾರ್ಚಿನ ಬೆಳಕಿಗೆ ಎರಡು ಕಣ್ಣು ಹೊಳೆದದ್ದಷ್ಟೇ ಕಂಡರೆ ಎಂಥ ಅನುಭವಿಯೂ ತಪ್ಪಬಹುದು.

ಲೆಕ್ಕದ ಮಾತೂ ಹಾಗೆಯೇ. ಹುಲಿ ಯಾವ ಕಡೆ ಹೋಯಿತು ಎಂಬುದನ್ನು ಜೇನುಕುರುಬರು ಹೆಜ್ಜೆ ನೋಡಿ ಹೇಳಬಲ್ಲರು. ಕಾಡಿನಲ್ಲಿ ಎಷ್ಟು ಹುಲಿಗಳಿವೆ ಎಂದು ಅಂದಾಜಿಸಲು ದಾರಿಯ ಎರಡೂ ಬದಿ ಕ್ಯಾಮೆರಾ ಇಟ್ಟು, ಒಂದೊಂದರ ಪಟ್ಟೆಯನ್ನೂ ಹೋಲಿಸಬೇಕು. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಮಾಡಿ ತೋರಿಸಿದ್ದು ಇದನ್ನೇ. ಇಂಥ ಕೆಲಸಗಳಲ್ಲಿ ಕಾಡಿನೊಳಗೆ ದಾರಿ ತೋರಿಸುವವರು ಎಷ್ಟೋ ಸಲ ಹಾಡಿಯ (ಬುಡಕಟ್ಟಿನವರ ಊರಿನ) ಜನ. ಅವರು ಕೂಲಿ ಪಡೆದು ಮರೆಯಾಗುವುದು, ಅವರಿಂದ ಬಂದ ತಿಳಿವಳಿಕೆ ಬೇರೆಯವರ ಹೆಸರಿನಲ್ಲಿ ಅಚ್ಚಾಗುವುದು ನನಗೆ ತೀರಾ ನೋವಿನ ಸಂಗತಿ.

ಚಿಪ್ಪುಹಂದಿಯ ಬಿಲ ಇರುವ ಜಾಗವನ್ನು ನಿಮ್ಮ ಪತ್ರದಿಂದ ತೆಗೆದಿದ್ದೇವೆ. ಚಿಪ್ಪಿನ ಕಳ್ಳಸಾಗಣೆ ನಿಂತಿಲ್ಲ; ದಯವಿಟ್ಟು ಬೇರೆ ಯಾರಿಗೂ ಹೇಳಬೇಡಿ.

ಹಾರುವ ಅಳಿಲಿನ ಬಗ್ಗೆ ಇನ್ನಷ್ಟು ಬೇಕು. ಹಿರಿಯರನ್ನು "ಇದೆಯೇ?" ಎಂದಷ್ಟೇ ಕೇಳದೆ, ಯಾವ ಮರದ ಪೊಟರೆ, ಯಾವ ತಿಂಗಳು, ಏನು ತಿನ್ನುತ್ತಿತ್ತು, ಬಾಲ ಹೇಗಿತ್ತು ಎಂದು ಕೇಳಿ ಬರೆದುಕೊಳ್ಳಿ. ಅವರು ಒಪ್ಪಿದರೆ ಲೇಖನವನ್ನು ಅವರ ಹೆಸರಿನಲ್ಲೇ ಪ್ರಕಟಿಸುತ್ತೇವೆ, ಸಂಭಾವನೆಯನ್ನೂ ಅವರಿಗೇ ಕಳುಹಿಸುತ್ತೇವೆ.

— ಸಂಪಾದಕ